ಹತ್ತಡಿ ಕೋಣೆಯೊಳಗೆ ಒಂದು ಜಿಲ್ಲೆ

ಐವತ್ತು ಗ್ರಾಂ ಮೆಂತ್ಯ. ಅಂಗೈಯಲ್ಲಿ ಹಿಡಿದರೆ ಒಂದು ಸಣ್ಣ ಹಿಡಿ. ಎಣಿಸಿದರೆ ನಾಲ್ಕು ಸಾವಿರ ಕಾಳುಗಳ ಆಸುಪಾಸು! ಊಟದ ತಟ್ಟೆಗಿಂತ ಕೊಂಚ ದೊಡ್ಡದಾದ ಒಂದು ಟ್ರೇಯಲ್ಲಿ ಎರಡು ಬೆರಳು ಮಣ್ಣು ಹರಡಿ, ಇಷ್ಟನ್ನು ಉದುರಿಸಿ, ನೀರು ಚಿಮುಕಿಸಿ ಅಡುಗೆಮನೆಯ ಕಿಟಕಿಯಲ್ಲಿಟ್ಟರೆ ಎಂಟು ಹತ್ತು ದಿನಕ್ಕೆ ನಾಲ್ಕು ಸಾವಿರ ಗಿಡ ಎದ್ದು ನಿಲ್ಲುತ್ತವೆ. ಚನ್ನರಾಯಪಟ್ಟಣದ ಕಡೆಯ ತೋಟದವರನ್ನು ಕೇಳಿ ನೋಡಿ. ಮೂವತ್ತು ಅಡಿಗೊಂದರಂತೆ ತೆಂಗು ಹಾಕಿದರೆ ಎಕರೆಗೆ ಐವತ್ತು ಮರವೂ ಹಿಡಿಯುವುದಿಲ್ಲ. ನಾಲ್ಕು ಸಾವಿರ ತೆಂಗಿಗೆ ಎಂಬತ್ತು ಎಕರೆಗೂ ಮೇಲೆ ಬೇಕು, ಅಂದರೆ ಬೆಂಗಳೂರಿನ 240 ಎಕರೆ ಲಾಲ್‌ಬಾಗ್‌ನ ಮೂರನೇ ಒಂದು ಭಾಗ. ಅದೇ ತಲೆಲೆಕ್ಕದ ಗಿಡಗಳು ಇಲ್ಲಿ ಕಿಟಕಿಯ ಸರಳಿಗೆ ಒರಗಿಕೊಂಡಿವೆ!

ಮೆಂತ್ಯ ದಪ್ಪ ಕಾಳಾಯಿತು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹರಾಜು ಕಟ್ಟೆಗೆ ಹೊರೆ ಹೊರೆ ಬರುವ ಹೊಗೆಸೊಪ್ಪಿನ ಬೀಜ ನೋಡಿದ್ದೀರಾ? ಗ್ರಾಮಿಗೆ ಹತ್ತು ಸಾವಿರ ದಾಟುತ್ತವೆ. ಅದೇ ಐವತ್ತು ಗ್ರಾಂ ಹಿಡಿಯಲ್ಲಿ ಐದು ಲಕ್ಷ ಗಿಡ. ಇನ್ನು ಪೇಟೆಯ ಮನೆಗಳ ಹಜಾರದಲ್ಲಿ ಅಲಂಕಾರಕ್ಕಿಡುವ ಆರ್ಕಿಡ್ ಬಳಗದಲ್ಲಿ ಸಿಕ್ನೋಚೆಸ್ ಎಂಬುದೊಂದಿದೆ. ಅದರ ಒಂದೇ ಒಂದು ಕಾಯೊಳಗೆ ಮೂವತ್ತೇಳು ಲಕ್ಷ ಬೀಜ ಎಣಿಕೆಗೆ ಸಿಕ್ಕಿವೆ. 2011ರ ಜನಗಣತಿಯಲ್ಲಿ ಇಡೀ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ತಲೆಗೆ ಎರಡರಂತೆ ಹಂಚಿದರೂ ಬೀಜ ಮಿಗುತ್ತದೆ, ಅದೂ ಒಂದು ಕಾಯಿಂದ!

ಬೀಜ ಬಿಡಿ, ಎಲೆಗೆ ಬನ್ನಿ. ಹಾಸನದ ಕಡೆಯವರಿಗೆ ಅವರೆ ಎಂದರೆ ಕಾಳಷ್ಟೇ ನೆನಪು. ಕುಂಡದಲ್ಲಿ ಹಾಕಿ ಕಿಟಕಿಗೆ ಹಬ್ಬಿಸಿದ ಅವರೆ ಬಳ್ಳಿಯ ಒಂದು ಎಲೆಯನ್ನು ಕಿತ್ತು ಮಗುಚಿ ಹಿಡಿಯಿರಿ. ಮೂರು ದಳ, ತಳದಲ್ಲಿ ತುಸು ತಿಳಿ ಹಸಿರು, ಬೆರಳಿಗೆ ನವಿರಾದ ಒರಟು. ಸಾಮಾನ್ಯ ಅಗಲದೆಲೆಯ ಗಿಡಗಳಲ್ಲಿ ಚದರ ಮಿಲಿಮೀಟರಿಗೆ ನೂರರಿಂದ ಮುನ್ನೂರರವರೆಗೆ ಪತ್ರರಂಧ್ರಗಳಿರುತ್ತವೆ, ಗಿಡ ಉಸಿರಾಡುವ ಬಾಯಿಗಳು. ತೀರ ಕಡಿಮೆ ಲೆಕ್ಕ, ನೂರನ್ನೇ ಹಿಡಿಯೋಣ. ಒಂದು ದಳ ನಲವತ್ತು ಚದರ ಸೆಂಟಿಮೀಟರ್ ಇದ್ದರೆ ಅದರಲ್ಲಿ ನಾಲ್ಕು ಲಕ್ಷ ಬಾಯಿ. ಮೂರು ದಳಕ್ಕೆ ಹನ್ನೆರಡು ಲಕ್ಷ. ಎರಡು ಎಲೆ ಜೋಡಿಸಿದರೆ ಇಪ್ಪತ್ನಾಲ್ಕು ಲಕ್ಷ. ಸಕಲೇಶಪುರದಿಂದ ಚನ್ನರಾಯಪಟ್ಟಣದವರೆಗೆ, ಅರಸೀಕೆರೆಯಿಂದ ಅರಕಲಗೂಡಿನವರೆಗೆ ಜಿಲ್ಲೆಯ ಅಷ್ಟೂ ಜನ ಒಮ್ಮೆಗೇ ಬಾಯಿ ತೆರೆದರೂ ಎರಡು ಅವರೆ ಎಲೆಗೆ ಸಮ ಬರುವುದಿಲ್ಲ!

ಕುಂಡದೊಳಗಿನ ಮಣ್ಣಿನಲ್ಲಿ ನಡೆಯುವುದು ಇದಕ್ಕಿಂತ ದೊಡ್ಡದು. ಅದನ್ನು ಅಳೆದು ತೋರಿಸಿದವರು ಅಮೆರಿಕದ ಹೊವರ್ಡ್ ಡಿಟ್ಮರ್. 1937ರಲ್ಲಿ ಅವರು ಪ್ರಕಟಿಸಿದ ಲೆಕ್ಕವನ್ನು ಸಸ್ಯಶಾಸ್ತ್ರದವರು ಇವತ್ತಿಗೂ ಹೇಳುತ್ತಾರೆ, ನನಗಂತೂ ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಎರಡು ಅಡಿಗೆ ಎರಡು ಇಂಚು ಕಡಿಮೆ ಆಳದ ಒಂದು ಪೆಟ್ಟಿಗೆ. ಮಹಡಿ ಮನೆಯ ಬಾಲ್ಕನಿಯಲ್ಲಿಡುವ ದೊಡ್ಡ ಪಾಟಿನಷ್ಟೇ. ಅದರಲ್ಲಿ ನಮ್ಮ ರಾಗಿಯಂತೆಯೇ ಹುಲ್ಲಿನ ಕುಲದ ರೈ ಎಂಬ ಧಾನ್ಯದ ಒಂದು ಗಿಡ ಹಾಕಿದರು. ನಾಲ್ಕು ತಿಂಗಳು ಬೆಳೆಸಿದರು. ಆಮೇಲೆ ಮಣ್ಣನ್ನು ತೊಳೆದು ಬೇರನ್ನು ಅಳೆದರು.

623 ಕಿಲೋಮೀಟರ್!

ಹಾಸನದಿಂದ ಬೆಂಗಳೂರಿಗೆ ನೂರೆಂಬತ್ತೈದು ಕಿಲೋಮೀಟರಿನ ಹತ್ತಿರ. ಹೋಗಿ, ಬಂದು, ಮತ್ತೆ ಹೋದರೂ ದಾರಿಗಿಂತ ಬೇರು ಇನ್ನೂ ಅರವತ್ತು ಎಪ್ಪತ್ತು ಕಿಲೋಮೀಟರ್ ಉದ್ದ. ನಾಲ್ಕು ತಿಂಗಳಿಗೆ ಸರಾಸರಿ ಮಾಡಿದರೆ ದಿನಕ್ಕೆ ಐದು ಕಿಲೋಮೀಟರ್ ಹೊಸ ಬೇರು. ಕೊರವಂಗಲ ಎಂಬ ಹಳ್ಳಿಯಿಂದ ಹಾಸನಕ್ಕೆ ಸುಮಾರು ಹತ್ತು ಕಿಲೋಮೀಟರ್ ಎಂದಿಟ್ಟುಕೊಂಡರೆ, ಆ ಪೆಟ್ಟಿಗೆಯೊಳಗಿನ ಗಿಡ ಎರಡು ದಿನಕ್ಕೊಮ್ಮೆ ಕತ್ತಲೆಯಲ್ಲೇ ಕೊರವಂಗಲದಿಂದ ಹಾಸನ ಮುಟ್ಟುತ್ತಿತ್ತು. ಎಲ್ಲಿಗೂ ಹೋಗದೆ, ಎರಡು ಘನ ಅಡಿಗೂ ಕಡಿಮೆ ಜಾಗದಲ್ಲಿ ಮಡಚಿಕೊಂಡು ಮಡಚಿಕೊಂಡು!

ಇದು ಬರೀ ಬೇರಿನ ಮಾತು. ಬೇರಿಗೆ ಅಂಟಿಕೊಂಡ ರೋಮಗಳ ಲೆಕ್ಕ ಬೇರೆಯೇ ಇದೆ. ಡಿಟ್ಮರ್ ಕಂಡದ್ದು 1,400 ಕೋಟಿ ಬೇರುರೋಮ. ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಬಿಟ್ಟು ಎಣಿಸಿದರೆ 443 ವರ್ಷ ಹಿಡಿಯುತ್ತದೆ. ತಾಳಿಕೋಟೆ ಕಾಳಗ ನಡೆದದ್ದು 1565ರಲ್ಲಿ. ಅದಾಗಿ ಹದಿನೈದಿಪ್ಪತ್ತು ವರ್ಷಕ್ಕೆ ಯಾರಾದರೂ ಎಣಿಸಲು ಕೂತಿದ್ದರೆ ಈಗ ಮುಗಿಸುವ ಹೊತ್ತು. ಅಷ್ಟೂ ರೋಮಗಳನ್ನು ಒಂದರ ಹಿಂದೊಂದು ಜೋಡಿಸಿದರೆ 10,600 ಕಿಲೋಮೀಟರ್. ಕಾಶ್ಮೀರದ ತುದಿಯಿಂದ ಕನ್ಯಾಕುಮಾರಿಗೆ 3,214 ಕಿಲೋಮೀಟರ್ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಅಂಥ ಮೂರು ಭಾರತ ಉದ್ದಕ್ಕೆ ಮಲಗಿದರೂ ಇನ್ನೂ ಸುಮಾರು ಸಾವಿರ ಕಿಲೋಮೀಟರ್ ಬಾಕಿ. ದಿನಕ್ಕೆ 88 ಕಿಲೋಮೀಟರಿನಂತೆ ಹುಟ್ಟಿದ ರೋಮ ಅದು. ಬೇರು ಮತ್ತು ರೋಮಗಳ ಮೇಲ್ಮೈಯನ್ನು ಬಿಡಿಸಿ ಹಾಸಿದರೆ 638 ಚದರ ಮೀಟರ್. ಸೈಟಿನ ಭಾಷೆಯಲ್ಲಿ ಹೇಳಬೇಕೆಂದರೆ 30-40ರ ಐದು ಸೈಟು ಪೂರ್ತಿ, ಆರನೆಯದರಲ್ಲಿ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಪೆಟ್ಟಿಗೆಯ ಬಾಯಿ ಒಂದೇ ಒಂದು ಚದರ ಅಡಿ!

ಬೇರಿಗೆ ಸುತ್ತಿಕೊಂಡ ಮಣ್ಣಿನಲ್ಲಿ ಗ್ರಾಮಿಗೆ ಹತ್ತು ಕೋಟಿಯಿಂದ ನೂರು ಕೋಟಿ ಬ್ಯಾಕ್ಟೀರಿಯಾ. ಐದು ಕೆ.ಜಿ. ಮಣ್ಣಿನ ಒಂದು ಕುಂಡಕ್ಕೆ ಕಡಿಮೆ ಲೆಕ್ಕದಲ್ಲೇ 50,000 ಕೋಟಿ. ಭೂಮಿಯ ಮೇಲಿರುವ ಮನುಷ್ಯರು 800 ಕೋಟಿ ದಾಟಿದ್ದಾರೆ. ಕುಂಡವೊಂದರಲ್ಲಿ ಅರವತ್ತು ಭೂಮಿಗಾಗುವಷ್ಟು ಜನಸಂಖ್ಯೆ ವಾಸವಾಗಿದೆ ಎಂದಾಯಿತು.

ಇಷ್ಟೆಲ್ಲ ನಡೆಸಲು ಗಿಡಕ್ಕೆ ಬೇಕಾದದ್ದು ಬೆಳಕು. ಮನೆಯೊಳಗೆ ಅದಕ್ಕೆ ಸಿಗುವುದೆಷ್ಟು? ಕೊರವಂಗಲದ ಬೂಚೇಶ್ವರ ದೇವಸ್ಥಾನಕ್ಕೆ ಮಧ್ಯಾಹ್ನ ಹೋದವರಿಗೆ ಇದು ಕಣ್ಣಿಗೇ ಗೊತ್ತಾಗಬೇಕು, ಆದರೆ ಆಗುವುದಿಲ್ಲ. 1173ರಲ್ಲಿ ಹೊಯ್ಸಳ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ ಅಧಿಕಾರಿ ಬೂಚಿರಾಜ ಕಟ್ಟಿಸಿದ ಗುಡಿ ಅದು. ಒಂದು ಗರ್ಭಗುಡಿಯಲ್ಲಿ ಶಿವ, ಎದುರು ಗರ್ಭಗುಡಿಯಲ್ಲಿ ಸೂರ್ಯ. ಹೊರಗೆ ಬಿಸಿಲಿನಲ್ಲಿ ನಿಂತಾಗ ನೆತ್ತಿಯ ಮೇಲೆ ಒಂದು ಲಕ್ಷ ಲಕ್ಸ್ ಬೆಳಕು ಸುರಿಯುತ್ತಿರುತ್ತದೆ. ಒಳಗಿನ ಮಬ್ಬಿನಲ್ಲಿ ನೂರು ಲಕ್ಸ್ ಸಿಕ್ಕರೆ ಹೆಚ್ಚು. ಹತ್ತು ಹೆಜ್ಜೆಯಲ್ಲಿ ಬೆಳಕು ಸಾವಿರದ ಒಂದು ಪಾಲಿಗೆ ಇಳಿದಿರುತ್ತದೆ! ನಮ್ಮ ಕಣ್ಣು ಸ್ವಲ್ಪ ಹೊತ್ತಿನಲ್ಲಿ ಹೊಂದಿಕೊಂಡು ಕಂಬದ ಮೇಲಿನ ನಯವಾದ ಬಳೆಗಳನ್ನೂ ನೋಡಿ ಖುಷಿಪಡುತ್ತದೆ. ಗಿಡಕ್ಕೆ ಆ ಉಪಾಯವಿಲ್ಲ. ಟಿ.ವಿ. ಪಕ್ಕದ ಮೂಲೆಯ ಮನಿಪ್ಲಾಂಟ್ ಬದುಕುತ್ತಿರುವುದು ಇಂಥ ಸಾವಿರದ ಒಂದು ಪಾಲಿನಲ್ಲಿ. ನೂರು ರೂಪಾಯಿ ಸಂಬಳದವನಿಗೆ ತಿಂಗಳಿಗೆ ಹತ್ತು ಪೈಸೆ ಕೊಟ್ಟಂತೆ, ಅದರಲ್ಲೇ ಅದು ಹೊಸ ಎಲೆ ಬಿಡುತ್ತದೆ!

ಆ ಮನಿಪ್ಲಾಂಟ್ ತವರಿನಲ್ಲಿ ಹೇಗಿರುತ್ತದೆ ಗೊತ್ತೇ? ಪೆಸಿಫಿಕ್ ಸಾಗರದ ಮೊರೆಯಾ ದ್ವೀಪದ ಬಳ್ಳಿ ಅದು. ಕಾಡಿನಲ್ಲಿ ಮರ ಹತ್ತಿದರೆ ಇಪ್ಪತ್ತು ಮೀಟರ್, ಅಂದರೆ ಆರು ಮಹಡಿ. ಎಲೆ ಒಂದು ಮೀಟರ್ ಉದ್ದದವರೆಗೆ ಬೆಳೆಯುತ್ತದೆ, ಬಾಳೆಲೆಯ ಬದಲು ಊಟಕ್ಕೆ ಹಾಸಬಹುದಾದಷ್ಟು ದೊಡ್ಡದು. ನಮ್ಮ ಸೀಸೆಯಲ್ಲಿ ಅಂಗೈಯಗಲದ ಎಲೆ ಬಿಟ್ಟುಕೊಂಡು ಸುಮ್ಮನಿದೆ. ಹೂವಿನ ವಿಷಯಕ್ಕೆ ಬಂದರೆ, ಬೆಳೆಸಿದ ಮನಿಪ್ಲಾಂಟ್ ತಾನಾಗಿ ಹೂ ಬಿಟ್ಟದ್ದು ಕೊನೆಯದಾಗಿ ದಾಖಲಾದದ್ದು 1964ರಲ್ಲಿ. ಜಗತ್ತಿನ ಕೋಟ್ಯಂತರ ಮನೆಗಳಲ್ಲಿ ಬಳ್ಳಿಯಿದೆ, ಅರವತ್ತು ವರ್ಷದಿಂದ ಹೂವಿಲ್ಲ, ಬೀಜವಿಲ್ಲ. ತುಂಡರಿಸಿ ತುಂಡರಿಸಿಯೇ ಇಷ್ಟಾಗಿದೆ!

ವಯಸ್ಸಿನ ವಿಷಯಕ್ಕೂ ಬರೋಣ. ಲಂಡನ್ನಿನ ಕ್ಯೂ ಉದ್ಯಾನದ ಗಾಜಿನ ಮನೆಯಲ್ಲಿ ದಕ್ಷಿಣ ಆಫ್ರಿಕದಿಂದ ತಂದ ಒಂದು ಸೈಕಾಡ್ ಇದೆ. 1775ರಿಂದ ಪಾಟಿನಲ್ಲಿದೆ. ಅದನ್ನು ಅಲ್ಲಿಗೆ ತಂದಿಟ್ಟಾಗ ಶ್ರೀರಂಗಪಟ್ಟಣದಲ್ಲಿ ಹೈದರಾಲಿಯ ಆಳ್ವಿಕೆ, ಟಿಪ್ಪು ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ. ಇನ್ನೂರೈವತ್ತು ವರ್ಷದಲ್ಲಿ ಆ ಗಿಡ ಶಂಕು (ಕೋನ್) ಬಿಟ್ಟದ್ದು ಒಂದೇ ಸಲ, 1819ರಲ್ಲಿ. ಈಗ ತೂಕ ಒಂದು ಟನ್ನಿಗೂ ಮೇಲೆ. ಅದನ್ನೂ ಮೀರಿಸಿದ್ದು ಜಪಾನಿನ ಯಮಾಕಿ ಮನೆತನದ ಬೋನ್ಸಾಯ್ ಪೈನ್. 1625ರಿಂದ ಕುಂಡದಲ್ಲಿದೆ, ಕಂಠೀರವ ನರಸರಾಜರು ಮೈಸೂರಿನ ಪಟ್ಟಕ್ಕೆ ಬರುವುದಕ್ಕೂ ಹದಿಮೂರು ವರ್ಷ ಮೊದಲಿನಿಂದ. 1945ರಲ್ಲಿ ಹಿರೋಶಿಮಾ ಮೇಲೆ ಬಾಂಬು ಬಿದ್ದಾಗ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿತ್ತು, ಉಳಿದುಕೊಂಡಿತು. 1976ರಲ್ಲಿ ಅದನ್ನು ಉಡುಗೊರೆಯಾಗಿ ಅಮೆರಿಕಕ್ಕೇ ಕೊಟ್ಟರು. ಇವತ್ತು ವಾಷಿಂಗ್ಟನ್ನಿನಲ್ಲಿದೆ, ನಾಲ್ಕು ಶತಮಾನದ ಮರ, ಒಂದು ಕುಂಡದಲ್ಲಿ!

ನೀರಿನ ದಾಖಲೆಯೂ ಕಡಿಮೆಯದಲ್ಲ. ಇಂಗ್ಲೆಂಡಿನ ಹವ್ಯಾಸಿಯೊಬ್ಬರು 1960ರಲ್ಲಿ ದೊಡ್ಡ ಗಾಜಿನ ಬುರುಡೆಯೊಳಗೆ ಗಿಡ ನೆಟ್ಟರು. ಅವರ ಮಾತಿನಂತೆ ಕೊನೆಯ ಸಲ ನೀರು ಹಾಕಿದ್ದು 1972ರಲ್ಲಿ, ಆಮೇಲೆ ಬಿರಟೆ ಬಿಗಿದವರು ನಲವತ್ತು ವರ್ಷ ತೆಗೆಯಲಿಲ್ಲ. ಆ ಕೊನೆಯ ಲೋಟ ನೀರು ಬಿದ್ದಾಗ ಗೊರೂರಿನ ಹೇಮಾವತಿ ಅಣೆಕಟ್ಟೆ ಇನ್ನೂ ಮುಗಿದಿರಲಿಲ್ಲ, ಅದು ಪೂರ್ಣವಾದದ್ದು 1979ರಲ್ಲಿ. 37 ಟಿ.ಎಂ.ಸಿ. ಜಲಾಶಯ ಎಷ್ಟೋ ಸಲ ತುಂಬಿ ಖಾಲಿಯಾಯಿತು, ಬುರುಡೆಯೊಳಗಿನ ಗಿಡ ಅದೇ ನೀರನ್ನು ತಿರುಗಿಸಿ ತಿರುಗಿಸಿ ಕುಡಿದುಕೊಂಡು ಹಸಿರಾಗಿಯೇ ಇತ್ತು!

ಎಲ್ಲರೂ ನಂಬಿದ ಒಂದು ಮಾತಿಗೂ ಲೆಕ್ಕ ಹಾಕಿಬಿಡೋಣ. ಮನೆಯೊಳಗೆ ಗಿಡ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಎನ್ನುತ್ತಾರೆ. 1989ರ ನಾಸಾ ಪ್ರಯೋಗದಿಂದ ಹಬ್ಬಿದ ಮಾತು ಇದು. ಆ ಪ್ರಯೋಗ ನಡೆದದ್ದು ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಕಮಿಂಗ್ಸ್ ಮತ್ತು ವೇರಿಂಗ್ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಕಟ್ಟಡಕ್ಕೆ ತಾನಾಗಿ ಬಂದುಹೋಗುವ ಗಾಳಿ ಮಾಡುವ ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ ಹತ್ತರಿಂದ ಸಾವಿರ ಗಿಡ ಬೇಕು ಎಂದರು. ಹತ್ತಡಿಗೆ ಹತ್ತಡಿ ಕೋಣೆಗೆ ಮೇಲಿನ ಲೆಕ್ಕ ಹಿಡಿದರೆ 9,300 ಕುಂಡ! ನೆಲದಲ್ಲಿ ಅಡಿಗೊಂದರಂತೆ ನೂರು ಹಿಡಿಯುತ್ತವೆ. ಉಳಿದವನ್ನು ಒಂದರ ಮೇಲೊಂದು ಪೇರಿಸಬೇಕು, 93 ಸಾಲು. ಸಾಲಿಗೆ ಒಂದೇ ಅಡಿ ಎತ್ತರ ಎಂದರೂ 93 ಅಡಿ. ಶ್ರವಣಬೆಳಗೊಳದ ಗೊಮ್ಮಟ 58 ಅಡಿ. ಗೊಮ್ಮಟನ ತಲೆಯ ಮೇಲೆ ಇನ್ನೂ 35 ಅಡಿ ಪಾಟು! ಗಿಡ ಇಡಬೇಕಾದದ್ದು ನೋಡುವ ಸುಖಕ್ಕೆ, ಗಾಳಿಗೆ ಕಿಟಕಿ ಸಾಕು.

ಅದೇ ಹತ್ತಡಿ ಕೋಣೆಯಲ್ಲಿ ಗಿಡ ಬೆಳೆಸಿ ಜಿಲ್ಲೆಯನ್ನೇ ತುಂಬಿಸುವ ಇನ್ನೊಂದು ದಾರಿ ಇದೆ. ಅದು ಹಾಸನದ್ದೇ ಬೆಳೆ, ಆಲೂಗಡ್ಡೆ.

ಮುಂಗಾರು ಬರುವ ಹೊತ್ತಿಗೆ ಹಾಸನದ ಎ.ಪಿ.ಎಂ.ಸಿ.ಯಲ್ಲಿ ಬಿತ್ತನೆ ಆಲೂಗಡ್ಡೆಯ ಚೀಲಗಳು ಗುಡ್ಡೆ ಬೀಳುತ್ತವೆ. ಬಹುಪಾಲು ಕುಫ್ರಿ ಜ್ಯೋತಿ, 1968ರಲ್ಲಿ ಬಿಡುಗಡೆಯಾದ ತಳಿ. ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ, ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಲಾರಿಯಲ್ಲಿ. ಒಂದು ಎಕರೆಗೆ ಗಡ್ಡೆ ಕ್ವಿಂಟಲ್ ಲೆಕ್ಕದಲ್ಲಿ ಬೇಕು. ಜೊತೆಗೆ ಅಂಗಮಾರಿ ರೋಗದ ಭಯ. ಐರ್ಲೆಂಡಿನಲ್ಲಿ 1845ರಿಂದ ನಾಲ್ಕೈದು ವರ್ಷದಲ್ಲಿ ಹತ್ತು ಲಕ್ಷ ಜನರನ್ನು ಹಸಿವಿಗೆ ಬಲಿ ಕೊಟ್ಟದ್ದು ಅದೇ ರೋಗ. ಇದಕ್ಕೆ ಬದಲು ದಾರಿಯಾಗಿ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವೂ ಪೆರು ದೇಶದ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರವೂ ಸೇರಿ ಹಾಸನದಲ್ಲಿ ಗಡ್ಡೆಯ ಬದಲು ಸಸಿ ನೆಡುವ ಪದ್ಧತಿ ತಂದವು. ಆ ಸಸಿಗಳ ಮೂಲ ತಾಯಿಗಿಡ ಹುಟ್ಟುವುದು ಹೊಲದಲ್ಲಲ್ಲ. ಕೋಣೆಯೊಳಗೆ, ಗಾಜಿನ ಬಾಟಲಿಯಲ್ಲಿ.

ಅಂಗಾಂಶ ಕೃಷಿಯ ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ತಳದಲ್ಲಿ ಎರಡು ಬೆರಳು ಪಾರದರ್ಶಕ ಜೆಲ್ಲಿ. ಮಣ್ಣಿಲ್ಲ, ಕಸವಿಲ್ಲ. ಹತ್ತು ಹದಿನೈದು ಆಲೂಗಡ್ಡೆ ಸಸಿಗಳು ನೆಟ್ಟಗೆ ನಿಂತಿರುತ್ತವೆ, ಕಾಂಡ ದಾರದಷ್ಟು ಸಪುರ, ಎಲೆ ಕಡಲೆಬೇಳೆಗಿಂತ ಅಷ್ಟೇನೂ ದೊಡ್ಡದಲ್ಲ. ಬಿಳಿ ಬೇರುಗಳು ಜೆಲ್ಲಿಯೊಳಗೆ ಇಳಿದಿರುವುದು ಒಂದೊಂದೂ ಎಣಿಸುವಂತೆ ಕಾಣುತ್ತದೆ. ದಿನಕ್ಕೆ ಹದಿನಾರು ಗಂಟೆ ಟ್ಯೂಬ್‌ಲೈಟಿನ ಬೆಳಕು, ಇಪ್ಪತ್ತೈದು ಡಿಗ್ರಿಯ ಆಸುಪಾಸಿನ ತಂಪು. ಬಿಸಿಲು ಎಂದರೇನೆಂದು ಆ ಸಸಿಗೆ ಗೊತ್ತೇ ಇಲ್ಲ.

ಬಾಟಲಿಯ ಅಗಲ ನಾಲ್ಕು ಇಂಚು ಎಂದುಕೊಳ್ಳಿ. ನಾಲ್ಕಡಿ ಉದ್ದ, ಎರಡಡಿ ಅಗಲದ ಹಲಗೆಯ ಮೇಲೆ 72 ಬಾಟಲಿ. ಐದು ಹಲಗೆಯ ಒಂದು ರ‍್ಯಾಕಿಗೆ 360. ಬಾಟಲಿಗೆ ಹದಿನೈದರಂತೆ 5,400 ಸಸಿ. ಹತ್ತಡಿ ಕೋಣೆಯಲ್ಲಿ ನಾಲ್ಕು ರ‍್ಯಾಕ್ ಇಟ್ಟು ಓಡಾಡಲೂ ಜಾಗ ಉಳಿಯುತ್ತದೆ, ಒಟ್ಟು 21,600 ಸಸಿ! ಹೊಲದಲ್ಲಿ ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಬಿಟ್ಟು ಇಷ್ಟನ್ನು ನೆಡಬೇಕಾದರೆ 25 ಗುಂಟೆಗೂ ಹೆಚ್ಚು ಬೇಕು. ಕೋಣೆಯ ನೆಲ ಗುಂಟೆಯ ಹತ್ತನೇ ಒಂದು ಪಾಲೂ ಇಲ್ಲ.

ಈಗ ನಿಜವಾದ ಬೆರಗು. ಸಸಿ ಬೆಳೆದ ಮೇಲೆ ಅದನ್ನು ಗೆಣ್ಣು ಗೆಣ್ಣಿಗೆ ಕತ್ತರಿಸಿ ಹೊಸ ಬಾಟಲಿಗೆ ಇಡುತ್ತಾರೆ, ಪ್ರತಿ ಗೆಣ್ಣೂ ಮೂರು ನಾಲ್ಕು ವಾರದಲ್ಲಿ ಮತ್ತೆ ಪೂರ್ತಿ ಸಸಿ. ಒಂದರಿಂದ ತಿಂಗಳಿಗೆ ನಾಲ್ಕೇ ಎಂದು ಸೌಮ್ಯವಾಗಿ ಹಿಡಿಯಿರಿ. ಒಂದೇ ಸಸಿಯಿಂದ ಶುರು. ಮೊದಲ ತಿಂಗಳು 4. ಎರಡನೇ ತಿಂಗಳು 16. ಮೂರಕ್ಕೆ 64. ಯಾರಿಗೂ ಏನೂ ಅನ್ನಿಸುವುದಿಲ್ಲ. ಅರ್ಧ ವರ್ಷಕ್ಕೆ 4,096, ನಮ್ಮ ಮೆಂತ್ಯದ ಟ್ರೇಯಷ್ಟಾಯಿತು. ಏಳನೇ ತಿಂಗಳಿಗೆ 16,384, ಕೋಣೆ ತುಂಬುತ್ತ ಬಂತು. ಎಂಟಕ್ಕೆ 65,536, ಮೂರು ಕೋಣೆ ಬೇಕು. ಹತ್ತಕ್ಕೆ 10,48,576. ವರ್ಷ ತುಂಬಿದ ದಿನ 1,67,77,216! ನೆಟ್ಟರೆ ಎರಡು ಲಾಲ್‌ಬಾಗ್ ತುಂಬುವಷ್ಟು, ಬಾಟಲಿಯಲ್ಲೇ ಇಟ್ಟುಕೊಂಡರೆ 777 ಕೋಣೆಗಳಷ್ಟು. ಹಾಸನ ಜಿಲ್ಲೆಯ ತಲೆ ತಲೆಗೆ ಒಂಬತ್ತು ಸಸಿ ಹಂಚಬಹುದು.

ಹದಿಮೂರನೇ ತಿಂಗಳಿಗೆ 6,71,08,864. 2011ರಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಬೀದರ್‌ನಿಂದ ಚಾಮರಾಜನಗರದವರೆಗೆ ಒಬ್ಬೊಬ್ಬರಿಗೆ ಒಂದೊಂದು ಸಸಿ ಕೊಟ್ಟ ಮೇಲೂ 60 ಲಕ್ಷ ಮಿಗುತ್ತವೆ! ಹದಿನೇಳನೇ ತಿಂಗಳಿಗೆ 1,718 ಕೋಟಿ, ಪ್ರಪಂಚದ ಪ್ರತಿ ಮನುಷ್ಯನಿಗೆ ಎರಡೆರಡು. ಹದಿನೆಂಟಕ್ಕೆ 6,872 ಕೋಟಿ. ಹಾಸನ ಜಿಲ್ಲೆಯ ವಿಸ್ತೀರ್ಣ 6,814 ಚದರ ಕಿಲೋಮೀಟರ್. ಮೇಲೆ ಹೇಳಿದ ಸಾಲು ಅಂತರದಲ್ಲಿ ಬೇಲೂರು ಹಳೇಬೀಡಿನ ಗುಡಿಗಳು, ಹೊಳೆನರಸೀಪುರದ ಪೇಟೆ, ಹೇಮಾವತಿ ಹಿನ್ನೀರು, ಬಿಸಿಲೆ ಘಾಟಿಯ ಕಾಡು ಯಾವುದನ್ನೂ ಬಿಡದೆ ಸಾಲು ಹೊಡೆದು ನೆಟ್ಟರೂ 5,678 ಕೋಟಿ ಸಸಿಯಷ್ಟೇ ಹಿಡಿಯುತ್ತದೆ. ಜಿಲ್ಲೆ ಮುಗಿಯಿತು, ಸಸಿ ಮುಗಿಯಲಿಲ್ಲ!

ಯಾವ ಪ್ರಯೋಗಾಲಯವೂ ಇಷ್ಟು ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಕೆಲವು ಸುತ್ತು ಹೆಚ್ಚಿಸಿದ ಮೇಲೆ ತಾಯಿಗಿಡಗಳನ್ನು ನೆರಳುಮನೆಗೆ ತಂದು, ಕುಡಿ ಕತ್ತರಿಸಿ ಬೇರು ಬರಿಸಿ, ರೈತರಿಗೆ ಕೊಡುತ್ತಾರೆ. ಅಂಥ ಒಂದೊಂದು ಕುಡಿಯೂ ನೆಲದಡಿ ಹತ್ತಕ್ಕೂ ಹೆಚ್ಚು ಗಡ್ಡೆ ಕಟ್ಟುತ್ತದೆ, ಮುಂದಿನ ಹಂಗಾಮಿಗೆ ಅವೇ ಬಿತ್ತನೆ. ಜಲಂಧರ್‌ನ ಲಾರಿಗೆ ಕಾಯುತ್ತಿದ್ದ ಊರಿನಲ್ಲಿ ಅದೊಂದೇ ದೊಡ್ಡ ಸಂಗತಿ.

ಆದರೆ ಲೆಕ್ಕಕ್ಕೆ ತಡೆಯಿಲ್ಲವಲ್ಲ, ಹಿಡಿದ ಲೆಕ್ಕವನ್ನು ಪೂರ್ತಿ ಮಾಡಿಬಿಡೋಣ. ಇಪ್ಪತ್ತಮೂರನೇ ತಿಂಗಳಿಗೆ ಇಡೀ ಭಾರತ ಮುಚ್ಚಿಹೋಗುತ್ತದೆ, ಥಾರ್ ಮರುಭೂಮಿ, ಹಿಮಾಲಯ ಸೇರಿ. ಇಪ್ಪತ್ತೈದಕ್ಕೆ ಭೂಮಿಯ ಮೇಲಿನ ನೆಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಆಲೂಗಡ್ಡೆ. ಇಪ್ಪತ್ತಾರನೇ ತಿಂಗಳಿಗೆ ಐದೂ ಮಹಾಸಾಗರಗಳೂ ಧ್ರುವದ ಹಿಮವೂ ಸೇರಿ 51 ಕೋಟಿ ಚದರ ಕಿಲೋಮೀಟರಿನ ಭೂಗೋಳ ಪೂರ್ತಿ ನಾಟಿ! ಒಂದು ಬಾಟಲಿಯ ಒಂದು ಸಸಿಯಿಂದ, ಎರಡು ವರ್ಷ ಎರಡು ತಿಂಗಳಲ್ಲಿ! ಇಪ್ಪತ್ತೇಳನೇ ತಿಂಗಳ ಸಸಿಗಳಿಗೆ ಇಂಥ ನಾಲ್ಕು ಭೂಮಿ ಕೊಟ್ಟರೂ ಸಾಲುವುದಿಲ್ಲ.